ಅಣ್ಣನ ಹೆದರಿಕೆಯನ್ನು ಹಿಂತಿರುಗಿಸುವ ಕುರಿತು

ಶೌರ್ಯ ಪದಕಗಳ ಪ್ರಶಸ್ತಿಪತ್ರ ಬರೆಯುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಯುದ್ಧದಲ್ಲಿ ಮಡಿದ ಮೇಜರ್ ಒಬ್ಬರ ತಮ್ಮನೂ, ನೀರು ಸರಬರಾಜು ಕಚೇರಿಯ ಗುಮಾಸ್ತನೂ, ಪ್ರಾಸ ಕಂಡರೆ ಬಾಯಿ ಬಿಡುವ ಕನ್ನಡ ಪದವೀಧರನೂ ಆದ ನಾನು ನಡು ಬಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ದಯಪಾಲಿಸಿದ ಪತ್ರ ಚೌಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯ ಗೋಡೆಗೇರಿತ್ತು. ಪದಕ ಬಂತು, ಪದಗಳೂ ಬಂದವು, ಬರಬೇಕಾದವನು ಬರಲಿಲ್ಲ. ಅದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ, ಬಿಡಿ. ನನ್ನ ತಕರಾರು 'ಭಯವೆಂದರೇನೆಂದೇ ಅರಿಯದ ಧೀರ' ಎಂಬ ಒಂದೇ ಸಾಲಿನದು.

ಈ ಸಾಲಿನಿಂದ ನನಗಾದ ಉಪಕಾರ ಅಷ್ಟಿಷ್ಟಲ್ಲ. ಹುಚ್ಚುನಾಯಿ ಬಂದರೆ ಬೀದಿಯವರೆಲ್ಲ ನನ್ನ ಬೆನ್ನ ಹಿಂದೆ ನಿಲ್ಲುತ್ತಾರೆ. ನಲ್ಲಿಯಲ್ಲಿ ನೀರಿಲ್ಲವೆಂದು ಜನ ಕಚೇರಿಗೆ ನುಗ್ಗಿದ ದಿನ ಸಾಹೇಬರು, "ವೀರನ ತಮ್ಮ ಅಲ್ವೇನ್ರೀ, ನೀವೇ ಹೋಗಿ ಮಾತಾಡಿ" ಎಂದು ನನ್ನನ್ನು ಹೊರಗೆ ದಬ್ಬಿ ಒಳಗಿನಿಂದ ಚಿಲಕ ಹಾಕಿಕೊಂಡರು. ಒಂದೇ ರಕ್ತವಂತೆ, ನನ್ನ ಪಾಲಿನದು ಸೂಜಿ ಕಂಡರೇ ಹೆಪ್ಪುಗಟ್ಟುತ್ತದೆ.

ನನ್ನ ಪಾಡು ಹಾಳಾಗಲಿ, ಕಷ್ಟ ಅಮ್ಮನದು. ತಾವು ಬಣ್ಣಿಸಿದ ಮಹಾನುಭಾವರ ಪರಿಚಯ ಅವಳಿಗಿಲ್ಲ. ಅವಳು ಹೆತ್ತವನು ಮೇಜರ್ ಆದ ಮೇಲೂ ಹಲ್ಲಿ ಕಂಡರೆ ಮಂಚ ಹತ್ತಿ ನನ್ನನ್ನು ಕರೆಯುತ್ತಿದ್ದ. ನಾನು ಪಕ್ಕದ ಮಂಚ ಹತ್ತಿ ಅಮ್ಮನನ್ನು ಕರೆಯುತ್ತಿದ್ದೆ. ಬಂದವರು ಚೌಕಟ್ಟಿಗೆ ಕೈಮುಗಿದು ಹೋದ ಮೇಲೆ ಅವಳು ಕೇಳುತ್ತಿದ್ದುದು ಒಂದೇ: "ಇದು ಯಾರ ಮಗನ ವಿಷಯಾನೋ?"

ಯುದ್ಧದಲ್ಲಿ ಅಣ್ಣ ಹೊತ್ತು ತಂದು ಉಳಿಸಿದ ಸಿಪಾಯಿ ಕಳೆದ ವಾರ ಊರುಗೋಲೂರಿಕೊಂಡು ಮನೆಗೆ ಬಂದರು. ಅಮ್ಮ ಗೆಲುವಿನ ಸುದ್ದಿ ಕೇಳಲಿಲ್ಲ. ಅವನು ಹೆದರಿದ್ದನೇ ಎಂದಷ್ಟೇ ಕೇಳಿದಳು. ಆತ ಚೌಕಟ್ಟಿನ ಕಡೆ ನೋಡಿ, ನನ್ನ ಕಡೆ ನೋಡಿ, ಕೊನೆಗೆ ತಲೆ ತಗ್ಗಿಸಿದರು.

"ತುಂಬಾ ಹೆದರಿದ್ರು ಅಮ್ಮಾ. ನನ್ನ ಹೊತ್ಕೊಂಡು ಬಂದು ಇಳಿಸಿದ್ರು. ಇನ್ನೊಬ್ಬ ಅಲ್ಲೇ ಬಿದ್ದಿದ್ದ. ಬೈಕೊಂಡೇ ವಾಪಸ್ ಹೋದ್ರು. ಮತ್ತೆ ಬರ್ಲಿಲ್ಲ."

"ಹೂಂ, ಅವನೇ," ಎಂದಳು ಅಮ್ಮ. ಸಾವಿನ ಸುದ್ದಿ ಬಂದಾಗಿನಿಂದ ಅಳದವಳು ಅಂದು ಅತ್ತಳು.

ಆದಕಾರಣ, ಸದರಿ ಸಾಲನ್ನು ಹೊಡೆದುಹಾಕಿ 'ಹೆದರಿದ, ಆದರೂ ಹೋದ' ಎಂದು ತಿದ್ದಿಕೊಡಬೇಕಾಗಿ ಪ್ರಾರ್ಥನೆ. ಪ್ರಾಸ ತಾನಾಗಿ ಕೂಡಿಬಂದದ್ದು, ನನ್ನ ಕೈವಾಡವಿಲ್ಲ.

ತಮ್ಮ ವಿಶ್ವಾಸಿ,
ಅವನ ತಮ್ಮ

ವಿ.ಸೂ.: ತಿದ್ದುಪಡಿಗೆ ನಿಯಮದಲ್ಲಿ ಅವಕಾಶವಿಲ್ಲವಾದರೆ, ಭಯವನ್ನೇ ಅರಿಯದವರೊಬ್ಬರನ್ನು ತಮ್ಮ ಕಚೇರಿಯಿಂದಲೇ ಆರಿಸಿ ಯುದ್ಧಕ್ಕೆ ಕಳಿಸಿ, ಆ ಪತ್ರವನ್ನು ಅವರ ಮನೆಗೆ ಕೊಡುವುದು. ಚೌಕಟ್ಟು ಸಮೇತ ಹಿಂದಿರುಗಿಸಲು ಸಿದ್ಧರಿದ್ದೇವೆ. ಅಮ್ಮ ಆಗಲೇ ಅದನ್ನು ಗೋಡೆಯಿಂದ ಇಳಿಸಿದ್ದಾಳೆ.