ಮೂಡಣ ಬಾಗಿಲಿಗೆ ಖಸ್ ತಟ್ಟಿ

ಭಾಗಮ್ಮ: ಬೇರಿಗೆ ಅಷ್ಟು ರೊಕ್ಕ? ಅದೂ ಒಣಗಿದ ಬೇರಿಗೆ?

ಸಂಗಪ್ಪ: ಸಾದಾ ಬೇರಲ್ಲ, ಲಾವಂಚ, ಖಸ್ ಅಂತಾರಲ್ಲ ಅದು. ಬಿದಿರಿಗೆ ಹೆಣದು ತಟ್ಟಿ ಮಾಡಿ, ಬಾಗಲಕ್ಕ ಕಟ್ಟಿ, ನೀರು ಹೊಡದ್ರ ಮುಗೀತು. ಮನಿ ತುಂಬ ತಂಪ ಗಾಳಿ. ಕಲ್ಯಾಣಿ ನವಾಬರ ಹವೇಲಿಯೊಳಗ ಬ್ಯಾಸಗ್ಯಾಗೂ ಚಾದರ ಹೊತ್ಕೊಂಡು ಮಲಗತಾರಂತ.

ಭಾಗಮ್ಮ: ಹವೇಲಿಯೊಳಗ ನೀರು ಹೊಡಿಯಾಕ ಆಳದಾರ. ಇಲ್ಲಿ ಯಾರ ಹೊಡೀತಾರ?

ಸಂಗಪ್ಪ ಹೆಂಡತಿಯ ಮುಖ ನೋಡಿದ. ಆಕೆ ತಿರುಗಿ ನೋಡಿದ ರೀತಿಗೆ ದೃಷ್ಟಿಯನ್ನು ಜಂತಿಯ ಕಡೆ ತಿರುಗಿಸಿಕೊಂಡ.

ಸಂಗಪ್ಪ: ನಾನೇ ಹೊಡೀತೀನಿ ಬಿಡು.

ಹುಮನಾಬಾದಿನ ಪೇಟೆಯಲ್ಲಿ ಸಂಗಪ್ಪನ ಬೆಲ್ಲದ ಅಂಗಡಿಯೆಂದರೆ ಎಲ್ಲರಿಗೂ ಗೊತ್ತು. ಬೆಲ್ಲದ ಜೊತೆಗೆ ಅದರ ಮೇಲೆ ಕುಳಿತ ನೊಣವನ್ನೂ ತೂಗಿ ಮಾರುವವನು ಎಂಬ ಹೆಸರು ಅವನಿಗಿತ್ತು. ಅಂಥವನು ಗಂಟು ಬಿಚ್ಚಲು ಹೊರಟಿದ್ದಕ್ಕೆ ಕಾರಣ ಮಗಳು ದ್ರೌಪತಿ. ಹೋದ ಬೇಸಿಗೆಯಲ್ಲಿ ಆಕೆ ಗಂಡನೊಡನೆ ತವರಿಗೆ ಬಂದಿದ್ದಳು. ಅಳಿಯ ಕಾಶಿರಾಮನಿಗೆ ಹೈದರಾಬಾದಿನ ದಫ್ತರದಲ್ಲಿ ನೌಕರಿ, ತಲೆಯ ಮೇಲೆ ತಿರುಗುವ ಬಿಜಲಿ ಪಂಖ. ಅವನು ಒಂದೇ ರಾತ್ರಿ ಪಡಸಾಲೆಯಲ್ಲಿ ಹೊರಳಾಡಿ, ಬೆಳಗಾಗುತ್ತಲೇ "ಮಾವಾರ, ನನ್ನ ಒಲಿಯೊಳಗ ಮಲಗಿಸಿದ್ರಿ" ಎಂದು ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ. ಮಗಳು ತಂದ ಬಟ್ಟೆಯ ಗಂಟನ್ನು ಬಿಚ್ಚಿಯೂ ಇರಲಿಲ್ಲ. ಸಂಗಪ್ಪ ಎಷ್ಟೋ ದಿನ ಅದನ್ನೇ ನೆನೆದು ಕೊರಗಿದ. ಈ ವರ್ಷ ಜ್ಯೇಷ್ಠಕ್ಕೇ ಅಧಿಕ ಮಾಸ ಬಂದಿತ್ತು. ಅಧಿಕದಲ್ಲಿ ಅಳಿಯನನ್ನು ಕರೆದು ಹೋಳಿಗೆ ಉಣ್ಣಿಸಲೇಬೇಕು, ಅಳಿಯನೂ ಬಾರದೆ ವಿಧಿಯಿಲ್ಲ. ಬಂದವನು ತಂಪಾಗಿ ಉಳಿದರೆ ಮಗಳೂ ಉಳಿಯುತ್ತಾಳೆ ಎಂಬುದು ಸಂಗಪ್ಪನ ಲೆಕ್ಕ.

ಹವೇಲಿಗೆ ತಟ್ಟಿ ಹೆಣೆಯುವ ಖಮರುದ್ದೀನನನ್ನು ಕಲ್ಯಾಣಿಯಿಂದ ಕರೆಸಿದ್ದಾಯಿತು. ಅವನು ಮನೆಯನ್ನು ಒಂದು ಸುತ್ತು ಹಾಕಿ ಬಂದು, ಕೊಟ್ಟ ಚಹಾ ಕುಡಿದು, ಇನ್ನೊಂದು ಚಹಾ ಕೇಳಿ, ಆಮೇಲೆ ಬಾಯಿ ಬಿಟ್ಟ.

ಖಮರುದ್ದೀನ್: ಸಾವಕಾರ್ರ, ಪಡವಣ ಬಾಗಲಾ ಎಲ್ಲದ?

ಸಂಗಪ್ಪ: ಪಡವಣಕ್ಕ ಅಡಗಿಮನಿ ಗ್ವಾಡಿ ಅದ. ಹೊಗಿ ಹೋಗಾಕ ಒಂದು ಕಿಂಡಿ ಬಿಟ್ಟದ.

ಖಮರುದ್ದೀನ್: ಹಂಗಾರ ಗ್ವಾಡಿ ಒಡೀರಿ. ಗಾಳಿ ಬರೂದು ಪಡವಣದಿಂದ.

ಸಂಗಪ್ಪ: ನಮ್ಮಪ್ಪ ಕಟ್ಟಿಸಿದ ಗ್ವಾಡಿ ಅದು. ಒಳಗ ಒಂದು ಎತ್ತು ಮಲಗಬಹುದು, ಅಷ್ಟು ದಪ್ಪ ಅದ. ಒಡಿಯಾಕ ಎಷ್ಟಾಗ್ತದ?

ಖಮರುದ್ದೀನ್: ಗ್ವಾಡಿ ಒಡಿಯೋ ಗೌಂಡಿಗೆ ಬ್ಯಾರೆ, ಕಲ್ಲು ಹೊರಾಕ ಬ್ಯಾರೆ, ಚೌಕಟ್ಟಿಗೆ ಬ್ಯಾರೆ. ತಟ್ಟಿ ಅಂತೂ ಅಗ್ಗದಾಗ ಬಿತ್ತು ಅನಸ್ತದ ನಿಮಗ.

ಸಂಗಪ್ಪ: ಮೂಡಣ ಬಾಗಲಕ್ಕ ಕಟ್ಟು.

ಖಮರುದ್ದೀನ್: ಮೂಡಣದಿಂದ ಗಾಳಿ ಬರಂಗಿಲ್ರಿ.

ಸಂಗಪ್ಪ: ಯಾಕ ಬರಂಗಿಲ್ಲ? ಲಕ್ಷ್ಮಿ ಅದೇ ಬಾಗಲದಿಂದ ಬರ್ತಾಳ. ಬೀಗರು ಅಲ್ಲಿಂದೇ ಬರ್ತಾರ. ಗಾಳಿಗೆ ಒಂದು ಬ್ಯಾರೆ ಬಾಗಲಾ ಬೇಕೇನು, ನವಾಬನಂಗ?

ಖಮರುದ್ದೀನ್: ನನಗೇನ್ರಿ, ಬೇಕಂದ್ರ ಮಾಳಿಗಿ ಮ್ಯಾಲೂ ಕಟ್ಟತೀನಿ. ಇನ್ನೊಂದು ಚಾ ಆದ್ರ ಈಗೇ ಕುಂದರತೀನಿ.

ಹೀಗೆ ಬೀದಿ ಬಾಗಿಲಿಗೆ ತಟ್ಟಿ ಏರಿತು. ಅಳಿಯ ಮಗಳು ಬಂದ ದಿನ ಸಂಗಪ್ಪ ಧೋತರ ಮೇಲೆ ಕಟ್ಟಿ, ಒಳಗಿನಿಂದ ಚರಿಗೆ ಚರಿಗೆ ನೀರು ಹೊಡೆದ. ಲಾವಂಚದ ವಾಸನೆ ಘಮ್ಮೆಂದಿತು. ಆದರೆ ಪಡಸಾಲೆಯಲ್ಲಿ ಕೂತ ಕಾಶಿರಾಮನ ಅಂಗಿ ಬೆವರಿಗೆ ಅಂಟಿಕೊಂಡಿತು. ಅಡಿಗೆಮನೆಯ ಕಿಂಡಿಯಿಂದ ನುಗ್ಗಿದ ಬಿಸಿಗಾಳಿ ಒಲೆಯ ಹೊಗೆಯನ್ನೂ ಕರೆದುಕೊಂಡು ಪಡಸಾಲೆ ದಾಟಿ, ತಟ್ಟಿಯಲ್ಲಿ ಸ್ನಾನ ಮಾಡಿ, ತಣ್ಣಗಾಗಿ ಬೀದಿಗೆ ಹೋಗುತ್ತಿತ್ತು.

ಕಾಶಿರಾಮ ಕೆಮ್ಮುತ್ತ ಎದ್ದು ಹೊರಗೆ ಹೋದ. ಹೈದರಾಬಾದಿನ ಮೋಟಾರು ಹಿಡಿಯಲೆಂದೇ ಹೊರಟನೆಂದು ಸಂಗಪ್ಪ ಹೆದರಿದ. ಚರಿಗೆ ಹಿಡಿದೇ ಹಿಂದೆ ಓಡಿದ. ಹೊರಗೆ ನೋಡಿದರೆ ಎದುರುಮನೆಯ ಲಾಲಪ್ಪ ತಟ್ಟಿಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದ್ದ. ಅವನ ಪಕ್ಕ ಅರ್ಧ ಓಣಿ ಕೂತಿತ್ತು. ಖಮರುದ್ದೀನನೂ ಇದ್ದ, ಕಲ್ಯಾಣಿಗೆ ಹೋಗುವುದನ್ನೇ ಮರೆತಿದ್ದ.

ಲಾಲಪ್ಪ: ಬರ್ರಿ ಅಳಿಯಂದಿರ, ಇಲ್ಲಿ ಕೂಡ್ರಿ. ನಿಮ್ಮ ಮಾವ ಓಣಿಗೆ ದೊಡ್ಡ ಉಪಕಾರ ಮಾಡ್ಯಾನ.

ಸಂಗಪ್ಪ: ಲಾಲಪ್ಪ, ಏಳು. ಇದು ನಮ್ಮ ಮನಿ ತಂಪು.

ಲಾಲಪ್ಪ: ನಿಮ್ಮ ಮನಿದಾದ್ರ ಒಳಗ ಇಟ್ಕೊ. ಯಾರು ಬ್ಯಾಡ ಅಂದಾರ?

ಕಾಶಿರಾಮ: ಇರಲಿ ಮಾವಾರ, ಕುಂದರಲಿ. ಇಸ್ಪೇಟ ಆಡಾಕ ಮಂದಿ ಬೇಕಲ್ಲ. ನಮ್ಮ ದಫ್ತರದಾಗೂ ಇಂಥಾ ತಂಪಿಲ್ಲ ನೋಡ್ರಿ. ರಜಾ ಬೇಕಂತ ಬರದು ಕಳಸ್ತೀನಿ, ಅಧಿಕ ಮಾಸ ಪೂರಾ ಇಲ್ಲೇ ಇರ್ತೀನಿ.

ಸಂಗಪ್ಪನಿಗೆ ಕುಣಿಯುವಂತಾಯಿತು. ಲಾಲಪ್ಪನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ತಂಪು ಒಳಗಿದ್ದರೇನು, ಹೊರಗಿದ್ದರೇನು, ಮಗಳು ಮನೆಯಲ್ಲಿದ್ದರೆ ಸಾಕಲ್ಲ. ಮೂರು ದಿನ ಅವನು ದಣಿವಿಲ್ಲದೆ ನೀರು ಹೊಡೆದ, ಕಟ್ಟೆಗೆ ಹೋಳಿಗೆ ಹೊತ್ತ. ನಾಲ್ಕನೆಯ ದಿನ ದ್ರೌಪತಿ ಬೆವರು ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದು ಅವನೆದುರು ನಿಂತಳು. ಕೈಯಲ್ಲಿ ಗಂಟಿತ್ತು.

ದ್ರೌಪತಿ: ಅಪ್ಪಾ, ನಾಳಿ ಮೋಟಾರಿಗೆ ನನ್ನ ಹತ್ತಸು.

ಸಂಗಪ್ಪ: ಅಳಿಯಂದಿರು ತಿಂಗಳ ಇರ್ತೀನಿ ಅಂದಾರ ತಂಗಿ.

ದ್ರೌಪತಿ: ಅವರು ಇರ್ಲಿ. ನಾ ಹೋಗ್ತೀನಿ.

ಸಂಗಪ್ಪ: ಜಗಳ ಆಡೀರೇನು?

ದ್ರೌಪತಿ: ಜಗಳ ಆಡಾಕರೆ ಅವರು ಒಳಗ ಬರಬೇಕಲ್ಲ.

ಸಂಗಪ್ಪ: ನಿಮ್ಮವ್ವ ಏನರ ಅಂದಳಾ?

ದ್ರೌಪತಿ: ಅವ್ವಗ ಮಾತಾಡಾಕ ಉಸಿರೆಲ್ಲದ? ಹೈದರಾಬಾದಿನಾಗ ಇಬ್ಬರಿಗೆ ಅಡಗಿ ಮಾಡ್ತಿದ್ದೆ. ಇಲ್ಲಿ ಓಣಿಗೆಲ್ಲ ಹೋಳಿಗಿ ಬೇಸಾಕತ್ತೇನಿ. ಕಟ್ಟಿ ಮ್ಯಾಲೆ ತಂಪದ, ಹಸಿವಿ ಭಾಳ ಆಗ್ತದಂತ ಅವರಿಗೆ.

ಸಂಗಪ್ಪ ಚರಿಗೆ ಕೆಳಗಿಟ್ಟ. ಹೋದ ವರ್ಷ ಅಳಿಯ ಎಬ್ಬಿಸಿಕೊಂಡು ಹೋಗಿದ್ದ, ಈ ವರ್ಷ ಮಗಳು ತಾನಾಗಿಯೇ ಹೊರಟಿದ್ದಾಳೆ. ಅದಕ್ಕಿಂತ ಇದು ಹೆಚ್ಚು ನೋಯಿಸಿತು. ನೇರವಾಗಿ ಅಡಿಗೆಮನೆಗೆ ಹೋದ. ಊಟದ ಹೊತ್ತಿಗಲ್ಲದೆ ಅವನು ಆ ಕಡೆ ಹಾಯ್ದವನಲ್ಲ. ಹೊಸ್ತಿಲಲ್ಲೇ ಬಿಸಿ ಮುಖಕ್ಕೆ ಹೊಡೆಯಿತು. ಒಲೆಯ ಮುಂದೆ ಭಾಗಮ್ಮ ಹಂಚಿನ ಮೇಲೆ ಹೋಳಿಗೆ ಮಗುಚುತ್ತಿದ್ದಳು, ಕಿಂಡಿಯ ಗಾಳಿ ಬೆಂಕಿಯನ್ನು ಅವಳ ಕಡೆಗೇ ತಳ್ಳುತ್ತಿತ್ತು. ಸಂಗಪ್ಪ ಸರಸರನೆ ಕಟ್ಟೆಗೆ ಬಂದ.

ಸಂಗಪ್ಪ: ಖಮರುದ್ದೀನ್, ಇಸ್ಪೇಟ ಎಲಿ ಕೆಳಗ ಇಡು. ಗೌಂಡಿನ್ನ ಕರಕೊಂಡು ಬಾ. ಅಡಗಿಮನಿ ಗ್ವಾಡಿ ಒಡದು, ತಟ್ಟಿ ಅಲ್ಲಿಗೆ ಕಟ್ಟು.

ಖಮರುದ್ದೀನ್: ಖರ್ಚ ಹೇಳಲೇನ್ರಿ?

ಸಂಗಪ್ಪ: ಹೇಳಬ್ಯಾಡ. ಹೇಳಿದ್ರ ನನ್ನ ಮನಸ್ಸು ತಿರಗತದ.

ಲಾಲಪ್ಪ ಎದ್ದು ಕೂತ. ಸಂಗಪ್ಪ ಬೆಲೆ ಕೇಳದೆ ಕೆಲಸ ಕೊಟ್ಟ ಸುದ್ದಿ ಆ ಸಂಜೆಯೇ ಪೇಟೆಯ ತುಂಬ ಹರಡಿತು.

ಗೋಡೆ ಒಡೆಯುವಷ್ಟರಲ್ಲಿ ಮನೆಯೆಲ್ಲ ಧೂಳಾಯಿತು, ಎರಡು ದಿನ ರೊಟ್ಟಿಯಲ್ಲಿ ಸುಣ್ಣ ಸಿಕ್ಕಿತು. ಆದರೆ ಹೊಸ ಪಡವಣ ಬಾಗಿಲಿಗೆ ತಟ್ಟಿ ಏರಿ ಮೊದಲ ಚರಿಗೆ ನೀರು ಬಿದ್ದದ್ದೇ ತಡ, ಅಡಿಗೆಮನೆಗೆ ಮಳೆಗಾಲ ಬಂದಂತಾಯಿತು. ದ್ರೌಪತಿ ಗಂಟನ್ನು ಗೋಡೆಯ ನಾಗೊಂದಿಗೆಯ ಮೇಲೆ ಎಸೆದು, ತಾಯಿಯ ಪಕ್ಕ ಬಂದು ಕೂತಳು. ಭಾಗಮ್ಮ ಸೆರಗು ಸಡಿಲಿಸಿ ಗಾಳಿಗೆ ಮುಖ ಕೊಟ್ಟಳು.

ಭಾಗಮ್ಮ: ಏನ್ರಿ, ಮದುವ್ಯಾಗಿ ಬಂದಾಗಿಂದ ಇಲ್ಲೇ ಬೇಯಾಕತ್ತೀನಿ. ಈ ಗ್ವಾಡಿ ಒಡಸಾಕ ಮಗಳು ಗಂಟು ಕಟ್ಟಬೇಕಾತೇನು?

ಸಂಗಪ್ಪ ಚರಿಗೆ ಕೈಗೆತ್ತಿಕೊಂಡ. ನಾಚಿಕೆಯಾಯಿತು, ತಡವಾಯಿತಲ್ಲ ಎಂದು ಸಂಕಟವೂ ಆಯಿತು.

ಸಂಗಪ್ಪ: ಇನ್ನೊಂದು ಚರಿಗಿ ಹೊಡೀಲೇನು?

ಭಾಗಮ್ಮ: ಹೊಡೀರಿ. ಕೇಳಿ ಕೇಳಿ ಹೊಡೀಬ್ಯಾಡ್ರಿ.

ಅತ್ತ ಬೀದಿಯ ಕಟ್ಟೆ ಕಾದ ಹಂಚಾಗಿತ್ತು. ಲಾಲಪ್ಪನಿಗೆ ಮನೆಯ ನೆನಪಾಗಿತ್ತು, ಓಣಿಯೂ ಅವನ ಹಿಂದೆಯೇ ಎದ್ದು ಹೋಗಿತ್ತು. ಕಾಶಿರಾಮ ಒಬ್ಬನೇ ಇಸ್ಪೀಟಿನ ಎಲೆಗಳಿಂದ ಗಾಳಿ ಹಾಕಿಕೊಳ್ಳುತ್ತ ಕೂಗಿದ.

ಕಾಶಿರಾಮ: ಮಾವಾರ, ತಂಪು ಎಲ್ಲಿ ಹೋತ್ರಿ?

ಭಾಗಮ್ಮ: ಒಳಗದ ಅಳಿಯಂದಿರ, ಅಡಗಿಮನ್ಯಾಗ. ಕೈ ತೊಳಕೊಂಡು ಬರ್ರಿ.

ಕೈ ತೊಳೆಯಲು ಹೇಳಿದರೆ ಅಳಿಯನಾದವನಿಗೆ ತಿಳಿಯುವುದು ಒಂದೇ ಅರ್ಥ. ಕಾಶಿರಾಮ ಮೊಣಕೈವರೆಗೆ ತೊಳೆದುಕೊಂಡು ಬಂದು, ಲಾವಂಚದ ಗಾಳಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಊಟದ ತಾಟಿಗಾಗಿ ಅತ್ತಿತ್ತ ನೋಡಿದ. ದ್ರೌಪತಿ ಹಿಟ್ಟು ತುಂಬಿದ ಪರಾತವನ್ನು ಅವನ ಮುಂದೆ ಸರಿಸಿದಳು.

ದ್ರೌಪತಿ: ತಾಟು ಆಮ್ಯಾಲ. ಮೊದಲ ಕಣಕ ನಾದ್ರಿ. ತಿಂಗಳ ಪೂರಾ ಇರ್ತೀರಂತಲ್ಲ.