ರಾಹುಕಾಲದಲ್ಲಿ ಎಲ್‌ಕೆಜಿ ಅರ್ಜಿ

ಚಾಮರಾಜಪೇಟೆ, ಬಸವನಗುಡಿ ಎರಡನ್ನೂ ಜಾಲಾಡಿದರೂ ನಮ್ಮತ್ತೆಯಷ್ಟು ಎಲ್‌ಕೆಜಿ ಅರ್ಜಿ ತುಂಬಿದವರು ಇನ್ನೊಬ್ಬರು ಸಿಗಲಾರರು. ಅವರಿಗೆ ಮಕ್ಕಳೇ ಇಲ್ಲ ಎಂಬುದು ಬೇರೆ ಮಾತು!

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ತಂದೆಯ ಅಕ್ಕ. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾದವರು ತೀರ್ಥಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಸೊಸೆಯ ಅಡುಗೆಯಲ್ಲಿ ಉಪ್ಪು ಹುಡುಕುತ್ತಾರೆ. ಇವರು ಎರಡನ್ನೂ ಬಿಟ್ಟು ಕಂಡವರ ಮಕ್ಕಳನ್ನು ಶಾಲೆಗೆ ಸೇರಿಸಲು ನಿಂತರು. ಅಡ್ಮಿಷನ್ ಕಾಲ ಬಂತೆಂದರೆ ಚಾಮರಾಜಪೇಟೆಯ ಅವರ ಜಗಲಿಯಲ್ಲಿ ಮೂರು ವರ್ಷದ ಮಕ್ಕಳ ತಂದೆತಾಯಿಯರು ಡಾಕ್ಟರ ಶಾಪಿನಲ್ಲಿ ಕಾಯುವವರ ಹಾಗೆ ಸಾಲಾಗಿ ಕೂತಿರುತ್ತಾರೆ.

"ಬರ್ತ್ ಸರ್ಟಿಫಿಕೇಟು ಎಂಟು ಜೆರಾಕ್ಸು. ಫೋಟೋ ಎಂಟು, ಎರಡು ಕಿವೀನೂ ಕಾಣ್ಬೇಕು."

"ಎಲ್ಲಾ ಆನ್‌ಲೈನ್ ಅಲ್ವಾ ಅಮ್ಮ? ಪೇಪರ್ ಯಾಕೆ?" ಎಂದು ಒಬ್ಬ ತಂದೆ ಕೇಳಿದ.

"ಕರೆಂಟು ಹೋದ್ರೆ ನಿನ್ನ ಮಗು ಹುಟ್ಟೇ ಇಲ್ಲ ಅಂತಾರೆ. ಎಂಟು ಜೆರಾಕ್ಸು!"

ಇನ್ನೊಮ್ಮೆ ಒಂದು ಶಾಲೆಯವರು, ಮನೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂದು ನಿಯಮ ಮಾಡಿದ್ದರು. ಅಲ್ಲಿನ ಗುಮಾಸ್ತರು ಮೊಬೈಲಿನಲ್ಲಿ ದಾರಿ ನೋಡಿ, "ಒಂದೂವರೆ ಆಗತ್ತಮ್ಮ, ಆಗಲ್ಲ" ಎಂದರು. ಅತ್ತೆ ಕನ್ನಡಕ ಏರಿಸಿದರು. "ಅದು ಕಾರಿನ ದಾರಿ ಸ್ವಾಮಿ. ಒನ್‌ವೇ ಸುತ್ತಿ ಬರತ್ತೆ. ಮಗು ಸಂದೀಲಿ ನಡ್ಕೊಂಡು ಬರತ್ತೆ. ಎಲ್‌ಕೆಜಿಗೆ ಸೇರ್ತಿರೋದು ಕಾರೋ, ಮಗುವೋ?" ಅಷ್ಟಕ್ಕೇ ಬಿಟ್ಟರೆ? ಗುಮಾಸ್ತರನ್ನು ಎಬ್ಬಿಸಿಕೊಂಡು, ಮಂಡಿನೋವಿನಲ್ಲೂ ಸಂದಿಗೊಂದಿಯೆಲ್ಲ ನಡೆಸಿದರು. ಅರ್ಧ ದಾರಿಯಲ್ಲೇ ಆ ಮನುಷ್ಯ ಬೆವರು ಒರೆಸಿಕೊಂಡು, "ಒಂದರೊಳಗೇ ಇದೆ, ಬಿಡಿ ತಾಯಿ" ಎಂದು ಕೈ ಮುಗಿದರಂತೆ.

ಹೋದ ವರ್ಷ ನನ್ನ ಸರದಿ ಬಂತು. ಮಗಳು ಪುಟ್ಟಿಗೆ ನಾಲ್ಕು ತುಂಬುತ್ತಿತ್ತು. ಬಸವನಗುಡಿಯ ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಒಂದು ಹಳೆಯ ಶಾಲೆ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಮಗು ನಡೆದು ಹೋಗುವಷ್ಟು ಹತ್ತಿರ ಎಂಬುದೇ ನಮಗೆ ದೊಡ್ಡ ವಿಷಯ. ಇನ್ನೊಂದು ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಆ ಶಾಲೆಯಲ್ಲಿ ಸೀಟು ಸಿಕ್ಕಿರಲಿಲ್ಲ. ಈಗಲೂ ಅದರ ಗೇಟು ಬಂದರೆ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ನಗಬೇಡಿ, ನಿಮಗೂ ಅಂಥದ್ದೊಂದು ಗೇಟು ಇದ್ದೀತು.

ಅಲ್ಲಿ ಫಾರಂ ಆನ್‌ಲೈನು, ಆಯ್ಕೆ ಮಾತ್ರ ಎಲ್ಲರ ಮುಂದೆ ಚೀಟಿ ಎತ್ತಿ. ಕಂಪ್ಯೂಟರು ಲಾಟರಿ ಎತ್ತಿದರೆ ನಮ್ಮ ಕಡೆಯ ತಂದೆತಾಯಿಯರು ನಂಬುವುದಿಲ್ಲವಲ್ಲ! ಅರ್ಜಿಗೆ ಒಂದೇ ದಿನ, ಶುಕ್ರವಾರ, ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ. ಶುಕ್ರವಾರ ಹನ್ನೆರಡರ ತನಕ ರಾಹುಕಾಲ ಎಂಬುದು ಬಸವನಗುಡಿಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ನಾವು ಸ್ನಾನ ಮಾಡಿ, ದೀಪ ಹಚ್ಚಿ, ಹನ್ನೆರಡು ಹೊಡೆಯುವುದನ್ನೇ ಕಾಯುತ್ತಿದ್ದೆವು. ಹನ್ನೊಂದಕ್ಕೆ ಅತ್ತೆ ಆಟೋದಿಂದ ಇಳಿದರು.

"ಒತ್ತು ಸಬ್ಮಿಟ್ಟು."

"ಅತ್ತೆ, ರಾಹುಕಾಲ!"

"ಗೊತ್ತು ಕಣೋ. ಊರೆಲ್ಲ ಹನ್ನೆರಡಕ್ಕೆ ಕಾಯ್ತಾ ಕೂತಿದೆ. ಈಗ ಸರ್ವರ್ರು ಖಾಲಿ ಹೊಡೀತಿರತ್ತೆ. ರಾಹು ಹತ್ರ ನಾನು ಮಾತಾಡ್ಕೋತೀನಿ, ನೀನು ಒತ್ತು."

ರಾಹುಕಾಲದಲ್ಲಿ ಕೊತ್ತಂಬರಿ ಸೊಪ್ಪನ್ನೂ ಕೊಳ್ಳದ ಹೆಂಗಸು ಹೀಗೆನ್ನುವುದೇ? ಒತ್ತಿದೆ. ಅರೆಗಳಿಗೆಯಲ್ಲಿ ಹೋಯಿತು. ಹನ್ನೆರಡು ಹೊಡೆದದ್ದೇ ತಡ, ಸರ್ವರ್ ಮಲಗಿತು. ಎದುರು ಮನೆಯವರು ಒಂದು ಗಂಟೆಯ ತನಕ ಸುತ್ತುತ್ತಿರುವ ಚಕ್ರಕ್ಕೆ ಕೈ ಮುಗಿಯುತ್ತ ಕೂತಿದ್ದರು.

ಮಾರನೆಯ ದಿನದಿಂದ ಶುರುವಾಯಿತು ನೋಡಿ, ಅತ್ತೆಯ ನಿಜವಾದ ಪಾಠ. ಸಂಜೆಯಾದರೆ ಹುರಿಗಡಲೆ ಡಬ್ಬಿಗೆ ಚೀಟಿ ತುಂಬಿಕೊಂಡು ಬರುವರು. ನಮ್ಮ ಬೀದಿಯ ಮಕ್ಕಳ ಹೆಸರೆಲ್ಲ ಅದರಲ್ಲಿ. ಪುಟ್ಟಿ ನನ್ನ ತೊಡೆಯ ಮೇಲೆ. ಅತ್ತೆ ಐದು ಚೀಟಿ ಎತ್ತಿ ಓದುವರು. ಪುಟ್ಟಿಯ ಹೆಸರು ಬರುತ್ತಿರಲಿಲ್ಲ. ಆಗ ಬಂದವರಿಗೆ ನಾವು ಚಪ್ಪಾಳೆ ತಟ್ಟಬೇಕು. ಆಮೇಲೆ ನಾನು ಮಗಳ ಮುಖ ನೋಡಿ, "ನೀನೇನೂ ತಪ್ಪು ಮಾಡಿಲ್ಲ. ಬಾ, ದಿಲ್‌ಪಸಂದ್ ತಿನ್ನೋಣ" ಎನ್ನಬೇಕು. ಆಮೇಲೆ ನಿಜಕ್ಕೂ ಮೂಲೆಯ ಬೇಕರಿಗೆ ಹೋಗಿ ದಿಲ್‌ಪಸಂದ್ ತಿನ್ನಬೇಕು.

"ಪುಟ್ಟಿ, ನಿಮ್ಮಪ್ಪನ ಮುಖ ಹೇಗಿದೆ?" ಎಂದು ಅತ್ತೆ ದಿನವೂ ಕೇಳುವರು.

"ಹಾಗಲಕಾಯಿ!"

"ಫೇಲ್. ನಾಳೆ ಮತ್ತೆ."

ನಾಲ್ಕು ದಿನ ಕಳೆಯುವಷ್ಟರಲ್ಲಿ ಪುಟ್ಟಿ ದೇವರ ಮುಂದೆ ನಿಂತು, "ಸ್ವಾಮಿ, ಇವತ್ತೂ ನನ್ ಚೀಟಿ ಬರ್ದೇ ಇರ್ಲಿ" ಎಂದು ಬೇಡತೊಡಗಿದಳು. ನನ್ನ ಹೆಂಡತಿಗೆ ಎದೆ ಧಸಕ್ಕೆಂದಿತು. ನನಗೂ ಏನೋ ಅನುಮಾನ. ಅತ್ತೆ ಕಾಫಿ ಕುಡಿಯಲು ಒಳಗೆ ಹೋದಾಗ ಡಬ್ಬಿ ಸುರಿದು ನೋಡಿದೆ. ಅದರಲ್ಲಿ ಪುಟ್ಟಿಯ ಹೆಸರಿನ ಚೀಟಿಯೇ ಇರಲಿಲ್ಲ!

ಸಿಟ್ಟು ನೆತ್ತಿಗೇರಿತು. "ಏನತ್ತೆ ಇದು? ಒಳ್ಳೇದು ಬಯಸೋ ಬದ್ಲು ಸೋಲೋದನ್ನೇ ಕಲಿಸ್ತಿದೀರಲ್ಲ!"

"ಗೆಲ್ಲಕ್ಕೆ ಯಾರಿಗೂ ಅಭ್ಯಾಸ ಬೇಡ್ವೋ," ಎಂದರು ಅತ್ತೆ ನಿಧಾನವಾಗಿ. "ಮತ್ತೆ ಈ ಪಾಠ ಅವಳಿಗಲ್ಲ, ನಿಂಗೆ. ಸೀಟು ಹೋದ್ರೆ ಮಗುಗೆ ಏನೂ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಅಪ್ಪನ ಮುಖ. ಆವತ್ತು ಲಿಸ್ಟಲ್ಲಿ ನಿನ್ನ ಹೆಸರಿಲ್ದೇ ಇದ್ದಾಗ ಮನೆಗೆ ಬಂದು ನನ್ನ ಏನು ಕೇಳ್ದೆ, ನೆನಪಿದ್ಯಾ?"

ನೆನಪಿತ್ತು. ಶಾಲೆಯ ಬೋರ್ಡಿನ ಮುಂದೆ ಅಪ್ಪ ಬೆರಳಿಟ್ಟು ಲಿಸ್ಟನ್ನು ಮೂರು ಸಲ ಓದಿದರು. ಆಮೇಲೆ ನನ್ನ ಕೈ ಹಿಡಿದು ಮನೆಯವರೆಗೂ ಒಂದು ಮಾತೂ ಆಡದೆ ನಡೆದರು. ಆವತ್ತು ಬೆಳಗ್ಗೆ ಹೊಸ ಅಂಗಿಗೆ ಹಾಲು ಚೆಲ್ಲಿಕೊಂಡಿದ್ದೆ. ಅದಕ್ಕೇ ಶಾಲೆಯವರು ಬೇಡ ಎಂದರು, ಅದಕ್ಕೇ ಅಪ್ಪ ಮಾತಾಡುತ್ತಿಲ್ಲ ಎಂದುಕೊಂಡೆ. ಮನೆಗೆ ಬಂದವನೇ ಅತ್ತೆಯ ಸೆರಗು ಹಿಡಿದು, "ನಾನೇನು ತಪ್ಪು ಮಾಡ್ದೆ?" ಎಂದು ಕೇಳಿದ್ದೆ. ಅಪ್ಪ ಕೆಟ್ಟವರಲ್ಲ. ಅವರಿಗೆ ಆವತ್ತು ಏನು ಹೇಳಬೇಕೋ ತಿಳಿಯಲಿಲ್ಲ, ಅಷ್ಟೆ. ಈಗ ಅವರಿಲ್ಲ.

ಆಮೇಲೆ ನಾನು ಅತ್ತೆಯ ಜೊತೆ ವಾದ ಮಾಡಲಿಲ್ಲ. ಕಚೇರಿಗೆ ಹೊರಡುವ ಮುಂಚೆ ಬಚ್ಚಲುಮನೆಯ ಕನ್ನಡಿಯಲ್ಲೂ ಒಂದೆರಡು ಸಲ ಅಭ್ಯಾಸ ಮಾಡಿದ್ದುಂಟು.

ಚೀಟಿ ಎತ್ತುವ ದಿನ ಶಾಲೆಯ ಹಾಲ್ ತುಂಬಿತ್ತು. ಪುಟ್ಟಿ ನನ್ನ ತೊಡೆಯ ಮೇಲೆ, ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅತ್ತೆ. ವೇದಿಕೆಯ ಮೇಲೆ ನೀಲಿ ಪ್ಲಾಸ್ಟಿಕ್ ಬಕೆಟ್. ಇದ್ದದ್ದು ಮೂವತ್ತು ಸೀಟು. ಯುಕೆಜಿಯ ಎರಡು ಜಡೆಯ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಚೀಟಿ ಎತ್ತುವಳು, ಹೆಡ್‌ಮಿಸ್ ಓದುವರು. ಹತ್ತಾಯಿತು, ಇಪ್ಪತ್ತಾಯಿತು. ನನ್ನ ಹೆಂಡತಿ ನನ್ನ ಮೊಣಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಇಪ್ಪತ್ತೊಂಬತ್ತು. ಮೂವತ್ತನೆಯ ಹೆಸರು ಓದಿದರು. ನಮ್ಮದಲ್ಲ.

ಪುಟ್ಟಿ ತೊಡೆಯ ಮೇಲೆ ಕೂತಲ್ಲಿಂದಲೇ ಕತ್ತೆತ್ತಿ ನನ್ನ ಮುಖ ನೋಡಿದಳು. ನನ್ನ ಜೀವನದಲ್ಲಿ ಯಾರೂ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿಲ್ಲ. ನಾನು ಚಪ್ಪಾಳೆ ತಟ್ಟಿದೆ. "ನೀನೇನೂ ತಪ್ಪು ಮಾಡಿಲ್ಲ ಪುಟ್ಟಿ. ಬಾ, ದಿಲ್‌ಪಸಂದ್ ತಿನ್ನೋಣ."

ಅವಳು ಇನ್ನೊಮ್ಮೆ ಪರೀಕ್ಷಿಸಿ, "ಹಾಗಲಕಾಯಿ ಇಲ್ಲ. ಪಾಸ್!" ಎಂದಳು.

ಶಹಬಾಸ್ ಗಿಟ್ಟಿಸೋಣವೆಂದು ಪಕ್ಕಕ್ಕೆ ತಿರುಗಿದರೆ, ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ಊರಿಗೆಲ್ಲ ಮುಖದ ಪಾಠ ಹೇಳಿದವರು!

"ಅತ್ತೆ, ಹೋಗ್ಲಿ ಬಿಡಿ. ಇನ್ನೊಂದು ಶಾಲೆ ಇದ್ಯಲ್ಲ."

"ಅದಲ್ವೋ," ಎಂದರು. "ಆವತ್ತು ನಿನ್ನ ಫಾರಂ ಕೊಡಕ್ಕೆ ನಿಮ್ಮಪ್ಪ ನನ್ನ ಕೈಗೆ ಕೊಟ್ಟಿದ್ದ. ಅದೂ ಶುಕ್ರವಾರವೇ, ಕೊನೇ ದಿನ. ರಾಹುಕಾಲ ಕಳೀಲಿ ಅಂತ ಇದೇ ಗೇಟ್ ಹತ್ರ ನಿಂತೆ. ಹನ್ನೆರಡು ಹೊಡೀತು, ಒಳಗೆ ಹೋದೆ. ಅಷ್ಟರಲ್ಲಿ ಟೈಮ್ ಮುಗೀತು ಅಂತ ಕೌಂಟರ್ ಮುಚ್ಚಿದ್ರು. ಸೋಮವಾರ ಕೊಟ್ಟೆ, ತಡ ಆಯ್ತು ಅಂತ ಪಕ್ಕಕ್ಕಿಟ್ರು. ನಿಮ್ಮಪ್ಪನಿಗೆ ಕೊನೇವರ್ಗೂ ಹೇಳ್ಲಿಲ್ಲ ಕಣೋ. ನೀನು ಬಂದು ಸೆರಗು ಹಿಡ್ಕೊಂಡು ಕೇಳ್ದೆಯಲ್ಲ, ಆಗ್ಲೂ ಹೇಳ್ಲಿಲ್ಲ. ತಪ್ಪು ಮಾಡಿದ್ದು ನಾನು."

ಇಷ್ಟು ವರ್ಷಗಳ ಜಗಲಿ, ಎಂಟೆಂಟು ಜೆರಾಕ್ಸು, ಮಂಡಿನೋವಿನ ನಡಿಗೆ, ಎಲ್ಲ ನನಗೆ ಒಟ್ಟಿಗೆ ಅರ್ಥವಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನಮ್ಮಪ್ಪನ ಮಗನೇ ಅಲ್ಲವೇ, ಮಾತು ಹೊರಡಲಿಲ್ಲ.

ಪುಟ್ಟಿ ನನ್ನ ತೊಡೆಯಿಂದ ಜಾರಿ ಇಳಿದಳು. ಅತ್ತೆಯ ನೋಯುವ ಮಂಡಿಯ ಮೇಲೆ ಎರಡೂ ಕೈಯಿಟ್ಟು, ಅವರ ಮುಖವನ್ನೇ ನೋಡುತ್ತ, ದಿನವೂ ಕೇಳಿ ಬಾಯಿಪಾಠವಾದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

"ಅಜ್ಜಿ, ನೀನೇನೂ ತಪ್ಪು ಮಾಡಿಲ್ಲ. ಬಾ, ದಿಲ್‌ಪಸಂದ್ ತಿನ್ನೋಣ."