ಗುಂಯ್‌ಗುಟ್ಟಿ ತೀರ್ಮಾನಿಸುವ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಜಗತ್ತಿನ ಕಂಪ್ಯೂಟರುಗಳಿಗೆಲ್ಲ ನಡೆನುಡಿ ಕಲಿಸುವ ಮಾನಕ ಸಮಿತಿಯ ಅಧ್ಯಕ್ಷರಾದ ಶ್ರೀ ಲೇಲ್ಯಾಂಡ್ ಪ್ರಿಚರ್ಡ್ ಅವರಿಗೆ, ಹಡ್ಸನ್ ಕೊಲ್ಲಿಯ ದಡದ ಪುವಿರ್ನಿಟುಕ್‌ನಿಂದ, ಹಿಮಗಾಳಿಗೆ ವಿಮಾನ ನಿಂತು ಪುರುಸೊತ್ತಾಗಿರುವ ಸಿಯಾಸಿ ಕುಮಾಕ್ ಮಾಡುವ ಅನಂತ ನಮಸ್ಕಾರಗಳು.

ನಮ್ಮ ಹಿಮನಾಡಿನ ಇನುಕ್ಟಿಟುಟ್ ನುಡಿಯ ಅಕ್ಷರಗಳು ಎಲ್ಲ ಫೋನುಗಳಲ್ಲೂ ಸರಿಯಾಗಿ ಮೂಡಲೆಂದು ನಾನೂ, ಊರಿನ ಶಾಲೆಯಲ್ಲಿ ಆಯುಷ್ಯವೆಲ್ಲ ಅದೇ ಅಕ್ಷರ ತಿದ್ದಿಸಿದ ನನ್ನ ಅತ್ತೆ ಅಲಾಸಿಯೂ ಸೇರಿ ಬರೆದ ದಸ್ತಾವೇಜನ್ನು ತಾವು ಬಹಳ ಮೆಚ್ಚಿ, ಅದರೊಳಗಿನ ಆ ಅಕ್ಷರಗಳನ್ನು ಮಾತ್ರ ತೆಗೆಯಬೇಕೆಂದು ಅಪ್ಪಣೆ ಕೊಡಿಸಿದಿರಿ. ಇಂಗ್ಲಿಷಿನದಲ್ಲದ ಅಕ್ಷರ ಕಂಡರೆ ಎಂಜಿನಿಯರುಗಳು ಗಾಬರಿಯಾಗುತ್ತಾರಂತೆ. ತಮ್ಮ ಸಲಹೆಯಂತೆ ಅವನ್ನು ಇಂಗ್ಲಿಷಿನಲ್ಲಿ ಬಣ್ಣಿಸಿದೆವು: ಮೇಲ್ಮುಖದ ತ್ರಿಕೋನ, ಬಗ್ಗಿದ ಗಾಳ, ಇತ್ಯಾದಿ. ಅದನ್ನೋದಿದ ಶ್ರದ್ಧಾವಂತ ಎಂಜಿನಿಯರೊಬ್ಬರು ತಮ್ಮ ಕಂಪನಿಯ ಫೋನಿನಲ್ಲಿ ಅಕ್ಷರದ ಜಾಗಕ್ಕೆ ನಿಜವಾದ ಗಾಳದ ಚಿತ್ರವನ್ನೇ, ಎರೆಹುಳು ಸಮೇತ, ಕೂರಿಸಿದ್ದಾರೆ. ಇದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಅತ್ತೆಗೆ ಓದಲು ಬರುವುದು ನಮ್ಮ ಅಕ್ಷರ ಮಾತ್ರ. ಕಣ್ಣು ಪೂರ್ತಿ ಹೋಗುವ ಮೊದಲು ಆ ದಸ್ತಾವೇಜಿನ ಮೇಲೆ ತನ್ನ ಹೆಸರನ್ನು ತಾನೇ ಓದಬೇಕೆಂಬುದು ಅವರ ಆಸೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹೀಗಾಗಿ ದಸ್ತಾವೇಜಿನಲ್ಲಿ ನಮ್ಮ ಅಕ್ಷರ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮಾಂಟ್ರಿಯಲ್ ಹೋಟೆಲಿನ ಸಭೆಗೆ ಅವರನ್ನೂ ಕರೆತಂದೆ. ಇಲ್ಲಿ ಕೈ ಎತ್ತುವಂತಿಲ್ಲ, ಬಾಯಿ ಮುಚ್ಚಿ ಗುಂಯ್‌ಗುಡಬೇಕು, ಯಾವ ಕಡೆಯ ಸದ್ದು ಜೋರೋ ಅದೇ ತೀರ್ಮಾನ ಎಂದು ಕಿವಿಯಲ್ಲಿ ಹೇಳಿದಾಗ ಅತ್ತೆ, "ಅಯ್ಯೋ, ಅಷ್ಟೇನಾ! ಮೊದ್ಲೇ ಹೇಳ್ಬಾರ್ದಿತ್ತೇನೇ?" ಎಂದು ಕೋಟು ಬಿಚ್ಚಿದರು. ಇಬ್ಬರು ಹೆಂಗಸರು ಎದುರುಬದುರು ನಿಂತು ಪಂದ್ಯ ಕಟ್ಟಿ ಹಾಡುವ ನಮ್ಮ ಗಂಟಲ ಹಾಡನ್ನು ಹುಡುಗಿಯಾಗಿದ್ದಾಗಿನಿಂದ ಹಾಡುತ್ತ ಬಂದ ಆ ಕಂಠದ ಮುಂದೆ, ಬೇಡವೆಂದು ಗುಂಯ್‌ಗುಟ್ಟಿದ ಇಡೀ ಸಭಾಂಗಣ ಒಂದು ಸೊಳ್ಳೆಯಾಯಿತು. ನೀರಿನ ಲೋಟಗಳು ಮೇಜಿನ ಮೇಲೆ ನಡೆದಾಡಿದವು. ತಾವು ಮಾತ್ರ ಧೃತಿಗೆಡದೆ, ಆ ಗುಂಯ್ ಇಂಗ್ಲಿಷಿನಲ್ಲಿರಲಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲವೆಂದು ತೀರ್ಪಿತ್ತಿರಿ. ಇಂಗ್ಲಿಷ್ ಗುಂಯ್ ಕಲಿಸುವ ಶಾಲೆಯೊಂದನ್ನು ದಯವಿಟ್ಟು ನಮ್ಮೂರಿಗೂ ಮಂಜೂರು ಮಾಡಿಸಬೇಕು.

ಆಗಲ್ಲವೇ ಅತ್ತೆ ವೇದಿಕೆ ಹತ್ತಿ, ಅಧ್ಯಕ್ಷರಾದ ತಮ್ಮ ಎರಡೂ ಮೊಣಕೈ ಹಿಡಿದು, "ಬಾರಪ್ಪಾ ಯಜಮಾನ, ಸರಿಯಾಗೇ ಆಡೋಣ. ಮೊದ್ಲು ನಕ್ಕೋರು ಸೋತ್ರು, ಗೆದ್ದೋರ ಮಾತೇ ತೀರ್ಮಾನ" ಎಂದದ್ದು? ನಾನು ಅನುವಾದಿಸಿದೆ, ತಾವು ತಲೆಯಾಡಿಸಿ ಒಪ್ಪಿದಿರಿ. ಮುಖಕ್ಕೆ ಮುಖ ಕೊಟ್ಟು ತಾವು ಗುಂಯ್ ಎಂದಿರಿ, ಅತ್ತೆ ಗಂಟಲಿನಿಂದ ಕಾಡುಬಾತಿನ ಕೂಗನ್ನು ಹೊರಡಿಸಿದರು, ತಾವು ನಕ್ಕಿರಿ. ಅದು ಕೆಮ್ಮು ಎಂದು ನಡಾವಳಿಯಲ್ಲಿ ಬರೆಸಿದ್ದೀರಿ. ಕೆಮ್ಮುವವರು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂರುವುದನ್ನು ನಾವು ನೋಡಿಲ್ಲ. ಸೋತವರು ಮಾತು ಉಳಿಸಿಕೊಳ್ಳಬೇಕು, ಸ್ವಾಮಿ. ಅತ್ತೆಯ ಹೆಸರನ್ನು ಅವರು ಓದುವ ಅಕ್ಷರದಲ್ಲೇ ಅಚ್ಚು ಹಾಕಿಸಿ.

ತಮ್ಮ ನಗುವಿಗೆ ಸಾಕ್ಷಿಯೂ, ತಮ್ಮ ವಿಶ್ವಾಸಿಯೂ ಆದ
ಸಿಯಾಸಿ ಕುಮಾಕ್

ತಾ.ಕ.: ಮುಂದಿನ ಸಭೆಯಲ್ಲಿ ಪಂದ್ಯವನ್ನು ಮತ್ತೆ ಆಡಿಸಬೇಕೆಂದು ತಾವು ಕೇಳಿದ್ದೀರಂತೆ. ಧಾರಾಳವಾಗಿ ಆಡಿಸಿ. ಈ ಸಲ ಅತ್ತೆಯ ಅಕ್ಕ ಬರುತ್ತಾರೆ. ಅವರು ನಕ್ಕದ್ದನ್ನು ಅವರ ಗಂಡನೂ ಈವರೆಗೆ ಕಂಡಿಲ್ಲ.